ಸಹಿ ಹಾಕುವವರು ಎದುರಿಗೆ ಕೂರಲಿ

ಸರ್ಕಾರಿ ಇಲಾಖೆ, ನಿಗಮಗಳ ಜೊತೆಗಿನ ತಕರಾರಿಗೆ ಮಧ್ಯಸ್ಥಿಕೆಯ ದಾರಿ: ಸಿಂಧನೂರು, ಲಿಂಗಸುಗೂರು, ಮಸ್ಕಿಯ ಓದುಗರಿಗಾಗಿ

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ ನೀರಿನ ಹೋರಾಟ ಹೇಗೆ ಶುರುವಾಗಿ ಹೇಗೆ ಮುಗಿಯುತ್ತದೆ ಎಂಬುದು ಈ ಭಾಗದ ಎಲ್ಲರಿಗೂ ಗೊತ್ತು. ಗೇಜ್ ಇಳಿಯುತ್ತದೆ. ತೆನೆ ಕಟ್ಟುವ ಹೊತ್ತಿಗೆ ಗದ್ದೆ ಬಿರುಕು ಬಿಡುತ್ತದೆ. ರೈತರು ಟ್ರ್ಯಾಕ್ಟರ್ ಅಡ್ಡ ನಿಲ್ಲಿಸಿ ರಸ್ತೆಯಲ್ಲಿ ಕೂರುತ್ತಾರೆ. ತಹಶೀಲ್ದಾರರೋ ನೀರಾವರಿ ಎಂಜಿನಿಯರೋ ಬಂದು ಮನವಿಪತ್ರ ತೆಗೆದುಕೊಂಡು, ಎರಡು ದಿನದಲ್ಲಿ ನೀರು ಬರುತ್ತದೆ ಎಂದು ಭರವಸೆ ಕೊಡುತ್ತಾರೆ. ಧರಣಿ ಏಳುತ್ತದೆ. ಭರವಸೆ ಕೊಟ್ಟವರಿಗೆ ಮೇಲ್ಭಾಗದ ಉಪಕಾಲುವೆಯ ಗೇಟು ಇಳಿಸುವ ಅಧಿಕಾರ ಇತ್ತೇ ಎಂದು ಆ ಗದ್ದಲದಲ್ಲಿ ಯಾರೂ ಕೇಳಿರುವುದಿಲ್ಲ. ಕೇಳಿದ್ದರೆ, ‘ನಮ್ಮ ಕೈಯಾಗ ಏನೈತ್ರಿ, ಮ್ಯಾಲಿಂದ ಆದೇಶ ಬರಬೇಕ್ರಿ’ ಎಂಬ ಉತ್ತರವೇ ಬರುತ್ತಿತ್ತು.

ಅದು ನುಣುಚಿಕೊಳ್ಳುವ ಮಾತು ಎಂದು ಸಿಟ್ಟಾಗುತ್ತೇವೆ. ಆದರೆ ಬಹಳ ಸಲ ಅದು ನಿಜ. ಜೆಸ್ಕಾಂ ಸೆಕ್ಷನ್ ಆಫೀಸಿನವರು ಹಳೆಯ ಬಾಕಿ ಬಿಲ್ಲನ್ನು ತಾವಾಗಿ ಇಳಿಸಲಾರರು. ಹೆದ್ದಾರಿ ಕೆಲಸ ನೋಡಿಕೊಳ್ಳುವ ಎಂಜಿನಿಯರ್ ನಿಮ್ಮ ಅಂಗಡಿಯ ಮುಂದಿನ ಚರಂಡಿಯ ನಕ್ಷೆ ಬದಲಿಸಲಾರರು. ಪುರಸಭೆಯ ಸಿಬ್ಬಂದಿ ಗುತ್ತಿಗೆದಾರನ ಬಿಲ್ಲು ಪಾಸು ಮಾಡಲಾರರು. ಖಾಸಗಿ ಇಬ್ಬರ ಜಗಳದಲ್ಲಿ ಎದುರಿಗೆ ಕೂತವನೇ ಒಪ್ಪಬೇಕಾದವನು. ಸರ್ಕಾರದ ಜೊತೆಗಿನ ತಕರಾರಿನಲ್ಲಿ ಎದುರಿಗೆ ಕೂತವರು ಒಬ್ಬರು, ಒಪ್ಪಿಗೆ ಕೊಡುವವರು ಇನ್ನೊಬ್ಬರು. ಈ ಅಂತರವನ್ನು ದಾಟದ ಯಾವ ರಾಜಿಯೂ ಕಾಗದದ ಮೇಲೆ ನಿಲ್ಲುವುದಿಲ್ಲ. ಮಧ್ಯಸ್ಥಿಕೆಯ ಬಗ್ಗೆ ಈ ಲೇಖನದಲ್ಲಿ ಹೇಳುವುದೆಲ್ಲ ಈ ಒಂದು ಸಂಗತಿಯ ಸುತ್ತಲೇ ಇದೆ.

ಧರಣಿ ಬೇಡ ಎಂದು ನಾನು ಹೇಳುತ್ತಿಲ್ಲ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ 2020–21ರಲ್ಲಿ ಪಾಮನಕಲ್ಲೂರಿನಲ್ಲಿ ನಡೆದ ಧರಣಿಯಂಥ ಹೋರಾಟಗಳು ಕೇಳುವುದು ಹೊಸ ಯೋಜನೆಯನ್ನು, ಹೊಸ ಹಣವನ್ನು. ಅದು ವಿಧಾನಸೌಧದಲ್ಲಿ ತೀರ್ಮಾನವಾಗುವ ರಾಜಕೀಯ ಪ್ರಶ್ನೆ. ಯಾವ ಮಧ್ಯಸ್ಥಗಾರರೂ ಅದನ್ನು ಬಗೆಹರಿಸಲಾರರು. ಇರುವ ಯೋಜನೆ, ಇರುವ ನಿಯಮ, ಇರುವ ಒಪ್ಪಂದದ ಒಳಗೆ ಯಾರಿಗೆ ಏನು ಸಲ್ಲಬೇಕು ಎಂಬ ತಕರಾರುಗಳೇ ಮಧ್ಯಸ್ಥಿಕೆಗೆ ಒದಗುವಂಥವು.

ಮಧ್ಯಸ್ಥಗಾರರು ಏನು ಮಾಡುತ್ತಾರೆ

ನಮ್ಮ ಊರುಗಳಲ್ಲಿ ಹಿರಿಯರು ಕೂತು ಪಂಚಾಯ್ತಿ ಮಾಡುವುದು ಇಂದಿಗೂ ಇದೆ. ಹಿರಿಯರು ಎರಡೂ ಕಡೆಯ ಮಾತು ಕೇಳಿ, ಇಂಥದ್ದು ಸರಿ ಎಂದು ಹೇಳುತ್ತಾರೆ. ತರಬೇತಿ ಪಡೆದ ಮಧ್ಯಸ್ಥಗಾರರು ಹಾಗೆ ಹೇಳುವುದೇ ಇಲ್ಲ. ತೀರ್ಪು ಕೊಡುವ ಅಧಿಕಾರ ಅವರಿಗಿಲ್ಲ. ಎರಡೂ ಕಡೆಯವರನ್ನು ಒಟ್ಟಿಗೆ ಕೂರಿಸುತ್ತಾರೆ, ಆಮೇಲೆ ಒಬ್ಬೊಬ್ಬರನ್ನೇ ಬೇರೆ ಕೋಣೆಯಲ್ಲಿ ಮಾತಾಡಿಸುತ್ತಾರೆ. ಆ ಏಕಾಂತದಲ್ಲಿ ನೀವು ಹೇಳಿದ್ದನ್ನು ನಿಮ್ಮ ಅನುಮತಿ ಇಲ್ಲದೆ ಇನ್ನೊಂದು ಕಡೆಗೆ ಹೇಳುವಂತಿಲ್ಲ. ಮಾತುಕತೆ ಮುರಿದುಬಿದ್ದರೆ ಅಲ್ಲಿ ಆಡಿದ ಯಾವ ಮಾತನ್ನೂ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ತರುವಂತಿಲ್ಲ.

ಸರ್ಕಾರಿ ಅಧಿಕಾರಿಗೆ ಈ ಏಕಾಂತ ರೈತನಿಗಿಂತ ಹೆಚ್ಚು ಬೇಕು ಎಂಬುದು ನನ್ನ ಅನಿಸಿಕೆ. ಅವರ ದೊಡ್ಡ ಭಯ ನೀವಲ್ಲ. ನಾಳೆ ಬರುವ ಆಡಿಟ್. ಐವತ್ತು ಸಾವಿರ ಬಿಟ್ಟುಕೊಟ್ಟರೆ ‘ಯಾಕೆ ಬಿಟ್ಟೆ, ಎಷ್ಟು ತಿಂದೆ’ ಎಂಬ ಪ್ರಶ್ನೆ ಏಳುತ್ತದೆ, ಲೋಕಾಯುಕ್ತಕ್ಕೆ ದೂರು ಹೋಗುತ್ತದೆ. ಕೋರ್ಟು ಐದು ಲಕ್ಷ ಕೊಡು ಎಂದು ಆದೇಶ ಮಾಡಿದರೆ ಯಾವ ಪ್ರಶ್ನೆಯೂ ಇಲ್ಲ. ಹಾಗಾಗಿ ಸೋಲುವ ಕೇಸನ್ನೂ ಕೊನೆಯವರೆಗೆ ಎಳೆಯುವುದೇ ಅವರಿಗೆ ಕ್ಷೇಮ. ನ್ಯಾಯಾಲಯ ಒಪ್ಪಿಸಿದ ಮಧ್ಯಸ್ಥಿಕೆ ಈ ಭಯವನ್ನು ಸ್ವಲ್ಪ ಇಳಿಸುತ್ತದೆ: ರಾಜಿ ನ್ಯಾಯಾಧೀಶರ ಮುಂದೆ ದಾಖಲಾಗುತ್ತದೆ, ಕಾರಣ ಕಡತದಲ್ಲಿ ಉಳಿಯುತ್ತದೆ, ಸಹಿ ಹಾಕಿದ ಅಧಿಕಾರಿ ಒಬ್ಬಂಟಿ ಆಗುವುದಿಲ್ಲ. ನೀವು ಅಧಿಕಾರಿಗೆ ಮಾಡಬಹುದಾದ ದೊಡ್ಡ ಉಪಕಾರವೆಂದರೆ ರಾಜಿ ಮಾಡಿಕೊಳ್ಳಲು ಕಾಗದದ ಮೇಲೆ ಒಂದು ಒಳ್ಳೆಯ ಕಾರಣ ಒದಗಿಸುವುದು.

ಕರ್ನಾಟಕದಲ್ಲಿ ನ್ಯಾಯಾಲಯದ ಆಶ್ರಯದ ಮಧ್ಯಸ್ಥಿಕೆ ಹೊಸದೇನಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಂ 2002ರ ಜುಲೈ 1ರಿಂದ ಜಾರಿಯಲ್ಲಿದೆ. ಬೆಂಗಳೂರಿನ ಮಧ್ಯಸ್ಥಿಕೆ ಕೇಂದ್ರ 2007ರ ಜನವರಿಯಲ್ಲಿ ಶುರುವಾಯಿತು. ಆಮೇಲೆ ಜಿಲ್ಲೆಗಳಿಗೂ ಬಂತು. ನಮಗೆ ರಾಯಚೂರಿನ ಜಿಲ್ಲಾ ಕೇಂದ್ರವೇ ಆಸರೆ. ಪಟ್ಟಿಯಲ್ಲಿರುವ ಮಧ್ಯಸ್ಥಗಾರರು ಹೆಚ್ಚಾಗಿ ಅನುಭವಿ ವಕೀಲರು. ಸುಪ್ರೀಂ ಕೋರ್ಟಿನ ಮಧ್ಯಸ್ಥಿಕೆ ಸಮಿತಿ ಗೊತ್ತುಪಡಿಸಿದ 40 ಗಂಟೆಗಳ ತರಬೇತಿ ಪಡೆದವರು. ನ್ಯಾಯಾಲಯವೇ ಕಳಿಸಿದ ಪ್ರಕರಣದಲ್ಲಿ ಅವರಿಗೆ ಕಕ್ಷಿದಾರರು ಹಣ ಕೊಡಬೇಕಿಲ್ಲ.

ಯಾವ ತಕರಾರಿಗೆ ಯಾವ ಬಾಗಿಲು

2023ರಲ್ಲಿ ಸಂಸತ್ತು ಮಧ್ಯಸ್ಥಿಕೆ ಕಾಯ್ದೆ ಮಾಡಿತು. ಇನ್ನು ಎಲ್ಲ ತಕರಾರೂ ಮಧ್ಯಸ್ಥಿಕೆಗೆ ಎಂದು ಸುದ್ದಿಯಾಯಿತು. ಆದರೆ ಸರ್ಕಾರ, ಅದರ ನಿಗಮಗಳು, ಸ್ಥಳೀಯ ಸಂಸ್ಥೆಗಳು ಒಂದು ಕಡೆ ಇರುವ ವ್ಯಾಜ್ಯ ವಾಣಿಜ್ಯ ವ್ಯಾಜ್ಯವಾಗಿದ್ದರೆ ಮಾತ್ರ ಆ ಕಾಯ್ದೆ ಅನ್ವಯ. ಉಳಿದ ವ್ಯಾಜ್ಯಗಳಿಗೆ ಸರ್ಕಾರಗಳು ಬೇಕಿದ್ದರೆ ಪ್ರತ್ಯೇಕ ಯೋಜನೆ ಮಾಡಿಕೊಳ್ಳಬಹುದು ಎಂದಷ್ಟೇ ಅದು ಹೇಳುತ್ತದೆ. ಭೂಸ್ವಾಧೀನ ಮತ್ತು ಅದರ ಪರಿಹಾರ, ತೆರಿಗೆ ಮುಂತಾದವನ್ನು ಹೊರಗಿಟ್ಟಿದೆ. ಕಾಯ್ದೆಯ ಎಲ್ಲ ಕಲಂಗಳೂ ಒಮ್ಮೆಗೆ ಜಾರಿಯಾಗಲಿಲ್ಲ. 2023ರ ಅಕ್ಟೋಬರ್ 9ರಂದು ಕೆಲವನ್ನಷ್ಟೇ ಜಾರಿಗೆ ತಂದರು. ಹಾಗಾಗಿ ನಮ್ಮ ಭಾಗದ ರೈತ, ಮನೆಯೊಡೆಯ, ಅಂಗಡಿಕಾರರಿಗೆ ಹಳೆಯ ಬಾಗಿಲುಗಳೇ ಹೆಚ್ಚು ಉಪಯೋಗ.

ಕೇಸು ಈಗಾಗಲೇ ಕೋರ್ಟಿನಲ್ಲಿದ್ದರೆ ದಾರಿ ಸುಲಭ. 89ನೇ ಕಲಮಿನಡಿ ಮಧ್ಯಸ್ಥಿಕೆಗೆ ಒಪ್ಪಿಸಿ ಎಂದು ನಿಮ್ಮ ವಕೀಲರು ಕೇಳಬಹುದು. ಇದರ ಜೊತೆಗೆ ಇನ್ನೊಂದು ಅಸ್ತ್ರವಿದೆ, ಅದನ್ನು ಬಳಸುವವರು ಕಡಿಮೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 27ನೇ ಆದೇಶದ 5ಬಿ ನಿಯಮ, 1976ರ ತಿದ್ದುಪಡಿಯಲ್ಲಿ ಬಂದದ್ದು: ಸರ್ಕಾರ ಅಥವಾ ಸರ್ಕಾರಿ ಅಧಿಕಾರಿಯ ವಿರುದ್ಧದ ದಾವೆಯಲ್ಲಿ ರಾಜಿಯ ಸಾಧ್ಯತೆ ಕಂಡರೆ ಅದಕ್ಕೆ ನೆರವಾಗುವುದು ನ್ಯಾಯಾಲಯದ ಕರ್ತವ್ಯ ಎನ್ನುತ್ತದೆ ಅದು. ಸರ್ಕಾರಿ ವಕೀಲರು ‘ಇಲಾಖೆಯಿಂದ ಸೂಚನೆ ಬಂದಿಲ್ಲ’ ಎಂದು ತಾರೀಖು ಮೇಲೆ ತಾರೀಖು ಕೇಳುವಾಗ ಈ ನಿಯಮವನ್ನು ನಮೂದಿಸಿ, ತೀರ್ಮಾನ ಕೊಡಬಲ್ಲ ಅಧಿಕಾರಿಯೇ ಬರಲಿ ಎಂದು ಅರ್ಜಿ ಹಾಕಬಹುದು. ಊರವರೆಲ್ಲರ ಪರವಾಗಿ ಕೆಲವರು ಹೂಡಿದ ದಾವೆಯಾದರೆ ಒಂದು ಎಚ್ಚರ: ಪ್ರತಿನಿಧಿಗಳು ತಾವೇ ರಾಜಿಗೆ ಸಹಿ ಹಾಕಿದರೆ ಸಾಲದು, ಅದಕ್ಕೆ ನ್ಯಾಯಾಲಯದ ಅನುಮತಿ ಬೇಕು.

ಇನ್ನೂ ಕೇಸು ಹಾಕಿಲ್ಲ ಎಂದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಸಿಂಧನೂರು, ಲಿಂಗಸುಗೂರಿನ ನ್ಯಾಯಾಲಯ ಸಂಕೀರ್ಣದಲ್ಲೇ ಅವುಗಳ ಕಚೇರಿ. ಮಸ್ಕಿ ತಾಲ್ಲೂಕು ಹುಟ್ಟಿದ್ದು ಲಿಂಗಸುಗೂರು, ಸಿಂಧನೂರು, ಮಾನ್ವಿ ಮೂರರ ಹಳ್ಳಿಗಳನ್ನು ಕೂಡಿಸಿ. ಹಾಗಾಗಿ ಮಸ್ಕಿಯವರು ತಮ್ಮ ಊರು ಯಾವ ನ್ಯಾಯಾಲಯದ ವ್ಯಾಪ್ತಿಯಲ್ಲಿದೆ ಎಂದು ಮೊದಲೇ ವಿಚಾರಿಸಿಕೊಂಡರೆ ಓಡಾಟ ತಪ್ಪುತ್ತದೆ. ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಅರ್ಜಿ ಬರೆದು, ದಾಖಲೆಗಳ ಜೆರಾಕ್ಸ್ ಲಗತ್ತಿಸಿದರೆ ಸಾಕು. ಶುಲ್ಕವಿಲ್ಲ. ಸಮಿತಿ ಇಲಾಖೆಗೆ ನೋಟಿಸು ಕಳಿಸುತ್ತದೆ. ಇಲಾಖೆ ರಾಜಿಯಾಗಲೇಬೇಕೆಂದು ಒತ್ತಾಯಿಸುವ ಅಧಿಕಾರ ಅದಕ್ಕಿಲ್ಲ, ನಿಜ. ಆದರೆ ಹತ್ತು ಮನವಿಪತ್ರಕ್ಕೆ ಅಲುಗಾಡದ ಕಡತ ನ್ಯಾಯಾಧೀಶರು ಅಧ್ಯಕ್ಷರಾಗಿರುವ ಸಮಿತಿಯ ಒಂದು ನೋಟಿಸಿಗೆ ಅಲುಗಾಡುತ್ತದೆ. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ವರ್ಷಕ್ಕೆ ಮೂರು ಲಕ್ಷಕ್ಕಿಂತ ಕಡಿಮೆ ಆದಾಯದವರಿಗೆ ಉಚಿತ ವಕೀಲರೂ ಸಿಗುತ್ತಾರೆ. ಸಹಾಯವಾಣಿ 15100.

ಕರೆಂಟು, ಕುಡಿಯುವ ನೀರು, ಬಸ್ಸು, ನೈರ್ಮಲ್ಯ, ಆಸ್ಪತ್ರೆ, ವಿಮೆ ಇಂಥ ಸಾರ್ವಜನಿಕ ಉಪಯುಕ್ತ ಸೇವೆಗಳ ತಕರಾರಿಗೆ ಖಾಯಂ ಜನತಾ ನ್ಯಾಯಾಲಯವಿದೆ. ನಮಗೆ ಹತ್ತಿರದ್ದು ಕಲಬುರಗಿಯಲ್ಲಿ. ಒಂದು ಕೋಟಿ ರೂಪಾಯಿವರೆಗಿನ ತಕರಾರು ಇಲ್ಲಿ ಬರಬಹುದು. ನ್ಯಾಯಾಲಯಕ್ಕೆ ಹೋಗುವ ಮುನ್ನವೇ ಹೋಗಬೇಕು. ಇಲ್ಲಿ ಅರ್ಜಿ ಹಾಕಿದ ಮೇಲೆ ಅದೇ ತಕರಾರಿಗೆ ಕೋರ್ಟಿಗೆ ಹೋಗುವಂತಿಲ್ಲ. ಮೊದಲು ರಾಜಿ ಯತ್ನ, ಅದು ವಿಫಲವಾದರೆ ಇವರೇ ತೀರ್ಪನ್ನೂ ಕೊಡುತ್ತಾರೆ, ಅದಕ್ಕೆ ಮೇಲ್ಮನವಿ ಇಲ್ಲ. ಇಲಾಖೆ ಗೈರಾದರೂ ವ್ಯಾಜ್ಯ ತೀರುತ್ತದೆ ಎಂಬುದು ಇದರ ಬಲ. ತೀರ್ಪು ನಿಮ್ಮ ವಿರುದ್ಧ ಬಂದರೂ ಹೈಕೋರ್ಟಿನ ರಿಟ್ ಬಿಟ್ಟರೆ ಬೇರೆ ದಾರಿ ಇಲ್ಲ ಎಂಬುದು ಇದರ ಅಪಾಯ. ದಾಖಲೆ ಗಟ್ಟಿಯಾಗಿರುವವರು ಧೈರ್ಯವಾಗಿ ಹೋಗಿ. ಕರೆಂಟು ಬಿಲ್ಲಿನ ಸಣ್ಣ ತಕರಾರಾದರೆ ಅಷ್ಟು ದೂರ ಬೇಡ, ಜೆಸ್ಕಾಂನ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಮೊದಲು ನೋಡಿ.

ಗುತ್ತಿಗೆದಾರರು, ಸಾಮಗ್ರಿ ಪೂರೈಸಿದವರು, ವಾಹನ ಬಾಡಿಗೆಗೆ ಕೊಟ್ಟವರ ಬಾಕಿ ಬಿಲ್ಲು ವಾಣಿಜ್ಯ ವ್ಯಾಜ್ಯ ಎನಿಸಿಕೊಳ್ಳಬಹುದು. ಮೂರು ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟ ಅಂಥ ವ್ಯಾಜ್ಯದಲ್ಲಿ, ತುರ್ತು ಪರಿಹಾರ ಬೇಕಿದ್ದ ಹೊರತು, ದಾವೆಗೆ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಮಧ್ಯಸ್ಥಿಕೆ ಕಡ್ಡಾಯ. 2022ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿದೆ. ಇಲ್ಲಿ ನಿಗದಿತ ಶುಲ್ಕವುಂಟು. ಇಲಾಖೆ ಬರದಿದ್ದರೆ ಹಾಗೆಂದು ವರದಿ ಕೊಡುತ್ತಾರೆ, ಅದನ್ನು ಹಿಡಿದು ದಾವೆ ಹೂಡಬಹುದು. ಉದ್ಯಮ್ ನೋಂದಣಿ ಇರುವ ಸಣ್ಣ ಉತ್ಪಾದಕರು, ಸೇವೆ ಕೊಡುವವರಿಗೆ 2006ರ ಎಂಎಸ್‌ಎಂಇ ಕಾಯ್ದೆಯ ನೆರವು ಮಂಡಳಿ ಇನ್ನೂ ಬಲವಾದದ್ದು: 45 ದಿನ ಮೀರಿದ ಬಾಕಿಗೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳಬಹುದು. ಆ ಬಡ್ಡಿಯ ಲೆಕ್ಕ ಮಾಡಿ ತೋರಿಸಿದ ದಿನವೇ ಇಲಾಖೆಗೆ ರಾಜಿಯ ರುಚಿ ಹತ್ತುತ್ತದೆ. ಬರೀ ಕೊಂಡು ಮಾರುವ ವ್ಯಾಪಾರಿಗಳಿಗೆ ಮಾತ್ರ ಈ ಬಾಗಿಲು ತೆರೆಯದು. ನೋಂದಣಿಗೆ ಮುಂಚಿನ ಪೂರೈಕೆಗೂ ಅಷ್ಟೇ.

ಹಟ್ಟಿ ಚಿನ್ನದ ಗಣಿಯ ಕಾರ್ಮಿಕರ ಬೇಡಿಕೆಗಳಿಗೆ ಕಾರ್ಮಿಕ ಇಲಾಖೆಯ ರಾಜಿ ಅಧಿಕಾರಿಯ ದಾರಿ ಬೇರೆಯೇ ಇದೆ, ಅದು ಸಂಘಗಳಿಗೆ ಚೆನ್ನಾಗಿ ಗೊತ್ತು.

ಭೂಮಿ ಹೋದವರು ದಿನಾಂಕ ಮರೆಯಬೇಡಿ

ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರನ್ನೂ ಹಾದುಹೋಗುವ 150ಎ ರಾಷ್ಟ್ರೀಯ ಹೆದ್ದಾರಿ, 2024ರಲ್ಲಿ ಸಿಂಧನೂರಿನವರೆಗೆ ಓಡಲು ಶುರುವಾದ ಗಿಣಿಗೇರಾ–ರಾಯಚೂರು ರೈಲು ಮಾರ್ಗ, ಲಿಂಗಸುಗೂರಿನ ಮೇಲೆ ಹೋಗುವ ಗದಗ–ವಾಡಿ ಮಾರ್ಗ, ಕಾಲುವೆಗಳು: ಈ ಭಾಗದಲ್ಲಿ ಭೂಮಿ ಬಿಟ್ಟುಕೊಟ್ಟವರು ಬಹಳ. ಪರಿಹಾರ ಕಡಿಮೆ ಎನಿಸಿದವರಿಗೆ ನನ್ನ ಮಾತು ಒಂದೇ. ರಾಜಿಯ ಮಾತುಕತೆ ನಡೆಯುತ್ತಿದೆ ಎಂದು ಕಾನೂನಿನ ಗಡುವು ನಿಲ್ಲುವುದಿಲ್ಲ. 2013ರ ಭೂಸ್ವಾಧೀನ ಕಾಯ್ದೆಯಡಿ ಐತೀರ್ಪಿನ ಸಮಯದಲ್ಲಿ ನೀವು ಹಾಜರಿದ್ದರೆ, ಆಕ್ಷೇಪಣೆಯನ್ನು ಆ ಕಾಯ್ದೆಯ ಪ್ರಾಧಿಕಾರಕ್ಕೆ ಕಳಿಸಿ ಎಂದು ಕೇಳಲು ಇರುವುದು ಆರು ವಾರ. ಹೆದ್ದಾರಿಗೆ ಹೋದ ಭೂಮಿಯ ಪರಿಹಾರದ ಮೊತ್ತ ಒಪ್ಪಿಗೆಯಾಗದಿದ್ದರೆ 1956ರ ಹೆದ್ದಾರಿ ಕಾಯ್ದೆಯಂತೆ ಕೇಂದ್ರ ಸರ್ಕಾರ ನೇಮಿಸಿದ ಪಂಚಾಟಗಾರರ ಮುಂದೆ ಹೋಗಬೇಕು. ಅವರು ಮಧ್ಯಸ್ಥಗಾರರಲ್ಲ, ತೀರ್ಪು ಕೊಡುವವರು. ಅಲ್ಲಿಗೆ ರಾಜಿಯ ಮನಸ್ಸಿನಿಂದ ಬರಿಗೈಯಲ್ಲಿ ಹೋಗದೆ ಅಕ್ಕಪಕ್ಕದ ಜಮೀನಿನ ನೋಂದಾಯಿತ ಮಾರಾಟ ಪತ್ರಗಳನ್ನು ಹಿಡಿದು ಹೋಗಬೇಕು.

ಹಾಗಾದರೆ ಇಲ್ಲಿ ರಾಜಿಗೆ ಜಾಗವೇ ಇಲ್ಲವೇ? ಇದೆ. ಪರಿಹಾರ ಹೆಚ್ಚಿಸಿದ ತೀರ್ಪು ಬಂದು, ಹಣ ಬಾರದೆ ಅಮಲ್ಜಾರಿ ಅರ್ಜಿಗಳು ಕೊಳೆಯುತ್ತಿರುವಾಗ ಲೋಕ ಅದಾಲತ್ತಿನಲ್ಲಿ ಬಡ್ಡಿ, ಕಂತು, ಪಾವತಿಯ ದಿನಾಂಕ ಕುರಿತು ರಾಜಿಯಾಗಬಹುದು. ಮೋಟಾರು ಅಪಘಾತದಲ್ಲಿ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಬಸ್ಸಿನ ವಿರುದ್ಧದ ಪರಿಹಾರ ಅರ್ಜಿಗಳಿಗೂ ಇದೇ ಜಾಗ. ಆದರೆ ಲೋಕ ಅದಾಲತ್ತಿನ ದಿನ ಜಾತ್ರೆಯಂಥ ಗದ್ದಲ. ಅಲ್ಲಿ ಹಾಕಿದ ಸಹಿಗೆ ಮೇಲ್ಮನವಿ ಇಲ್ಲ. ಕಾಗದ ಓದದೆ, ಓದಿಸಿಕೊಳ್ಳದೆ ಹೆಬ್ಬೆಟ್ಟು ಒತ್ತಬೇಡಿ. ಇವತ್ತು ಆಗದಿದ್ದರೆ ಮುಂದಿನ ಅದಾಲತ್ತು ಕೆಲವು ತಿಂಗಳಲ್ಲೇ ಬರುತ್ತದೆ.

ಸಹಿ ಯಾರದ್ದು

ಈಗ ಮುಖ್ಯ ವಿಷಯಕ್ಕೆ. ಅರ್ಜಿ ಬರೆಯುವ ಮುಂಚೆಯೇ ಒಂದು ಪ್ರಶ್ನೆಗೆ ಉತ್ತರ ಹುಡುಕಿ: ನನಗೆ ಬೇಕಾದದ್ದನ್ನು ಕೊಡಲು ಯಾರ ಸಹಿ ಬೇಕು? ತುಂಗಭದ್ರಾ ಎಡದಂಡೆಯನ್ನು ನೋಡಿಕೊಳ್ಳುವುದು ಕರ್ನಾಟಕ ನೀರಾವರಿ ನಿಗಮ. ನಾರಾಯಣಪುರ ಬಲದಂಡೆಯದು ಕೃಷ್ಣಾ ಭಾಗ್ಯ ಜಲ ನಿಗಮ. ಎರಡೂ ಕಂಪನಿಗಳು. ಸಹಾಯಕ ಎಂಜಿನಿಯರಿಂದ ಮುಖ್ಯ ಎಂಜಿನಿಯರವರೆಗೆ, ಅಲ್ಲಿಂದ ವ್ಯವಸ್ಥಾಪಕ ನಿರ್ದೇಶಕರವರೆಗೆ ಯಾರು ಎಷ್ಟು ಮೊತ್ತಕ್ಕೆ ಮಂಜೂರಾತಿ ಕೊಡಬಹುದು ಎಂಬ ಆದೇಶ ಪ್ರತಿ ನಿಗಮದಲ್ಲೂ ಇರುತ್ತದೆ. ನಗರಸಭೆ, ಪುರಸಭೆಯಲ್ಲಿ ಪೌರಾಯುಕ್ತರೋ ಮುಖ್ಯಾಧಿಕಾರಿಯೋ ಒಪ್ಪಿದರೂ ಕೆಲವು ವಿಷಯಕ್ಕೆ ಕೌನ್ಸಿಲ್ ಠರಾವು ಬೇಕು. ಮಾಹಿತಿ ಹಕ್ಕಿನ ಅರ್ಜಿ ಹಾಕಿ ಎರಡು ಸಂಗತಿ ಕೇಳಿ: ಅಧಿಕಾರ ಪ್ರತ್ಯಾಯೋಜನೆಯ ಆದೇಶದ ಪ್ರತಿ, ಮತ್ತು ನಿಮ್ಮ ಕಡತದ ಟಿಪ್ಪಣಿ ಹಾಳೆಗಳು. ಕಡತ ಯಾವ ಮೇಜಿನ ಮೇಲೆ ಎಷ್ಟು ಕಾಲ ಮಲಗಿದೆ ಎಂಬುದು ಆ ಹಾಳೆಗಳಲ್ಲಿ ಕಾಣುತ್ತದೆ. ಮಾಹಿತಿ ಹಕ್ಕಿನ ಉತ್ತರಕ್ಕಾಗಿ ಮೂವತ್ತು ದಿನದ ಕಾಯುವಿಕೆ ದಂಡವಲ್ಲ. ಇಡೀ ಮಧ್ಯಸ್ಥಿಕೆ ಅದರ ಮೇಲೆ ನಿಲ್ಲುತ್ತದೆ.

ಸರ್ಕಾರದ ಮೇಲೆ ದಾವೆ ಹೂಡಲು ಎರಡು ತಿಂಗಳ ಮುಂಚೆ ಕೊಡಬೇಕಾದ, ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನ ನೋಟಿಸನ್ನು ವಕೀಲರು ಸಾಮಾನ್ಯವಾಗಿ ಬೆದರಿಕೆಯಂತೆ ಬರೆಯುತ್ತಾರೆ. ಅದನ್ನು ಆಹ್ವಾನದಂತೆ ಬರೆಯಿರಿ. ಕಾನೂನು ಎರಡು ತಿಂಗಳು ಕೊಟ್ಟಿರುವುದೇ ಸರ್ಕಾರ ಯೋಚಿಸಿ ಸರಿಪಡಿಸಿಕೊಳ್ಳಲಿ ಎಂದು. ನಮ್ಮ ಬೇಡಿಕೆ ಇಷ್ಟು, ಇದಕ್ಕೆ ಆಧಾರ ಇಂಥ ನಿಯಮ, ರಾಯಚೂರಿನ ಮಧ್ಯಸ್ಥಿಕೆ ಕೇಂದ್ರದಲ್ಲಿ ಕೂತು ಮಾತಾಡಲು ಸಿದ್ಧ, ಒಪ್ಪಿಗೆ ಕೊಡುವ ಅಧಿಕಾರವಿರುವವರನ್ನು ಲಿಖಿತ ಅಧಿಕಾರ ಪತ್ರದೊಂದಿಗೆ ಕಳಿಸಿ ಎಂದು ನಾಲ್ಕು ಸಾಲು ಸೇರಿಸಿ. ಜೆಸ್ಕಾಂನಂಥ ಕಂಪನಿಗಳಿಗೆ ಈ ನೋಟಿಸು ಕಡ್ಡಾಯವಲ್ಲ, ಆದರೂ ಕೊಟ್ಟರೆ ನಷ್ಟವಿಲ್ಲ. ಸರ್ಕಾರಕ್ಕೆ ಕೊಟ್ಟ ನೋಟಿಸಿನ ಎರಡು ತಿಂಗಳು ಕಾಲಮಿತಿಯ ಲೆಕ್ಕದಿಂದ ಹೊರಗುಳಿಯುತ್ತದೆ. ಅದರಾಚೆ ಖಾಸಗಿಯಾಗಿ ನಡೆಸಿದ ಮಾತುಕತೆಯ ತಿಂಗಳುಗಳು ನಿಮ್ಮ ತಲೆಯ ಮೇಲೇ. ದಾವೆಗೆ ಮೂರು ವರ್ಷವಿದೆ ಎಂದು ಎರಡು ವರ್ಷ ಹನ್ನೊಂದು ತಿಂಗಳು ರಾಜಿಯ ಹಿಂದೆ ಅಲೆಯಬೇಡಿ.

ನೀರಿನ ತಕರಾರು: ಕಷ್ಟದ್ದು, ಆದರೂ

ಕಾಲುವೆಯ ತಕರಾರು ಇಬ್ಬರದಲ್ಲ. ಮೇಲ್ಭಾಗದಲ್ಲಿ ಭತ್ತ ಹಾಕಿದವರು, ಕಾಲುವೆ ದಂಡೆಗೆ ಪಂಪ್‌ಸೆಟ್ ಇಟ್ಟವರು, ಕೊನೆಭಾಗದವರು, ನೀರು ಬಳಕೆದಾರರ ಸಹಕಾರ ಸಂಘ, ಕ್ಯಾಂಪುಗಳು, ಹಳೆಯ ಊರುಗಳು, ಕೆರೆ ತುಂಬಿಸಿಕೊಳ್ಳಬೇಕಾದ ಪಟ್ಟಣಗಳು, ಇವರೆಲ್ಲರ ನಡುವೆ ಇಲಾಖೆ. ಎಡದಂಡೆಯ ಅಚ್ಚುಕಟ್ಟನ್ನು ಯೋಜಿಸಿದ್ದು ಹೆಚ್ಚಾಗಿ ಕಡಿಮೆ ನೀರಿನ ಬೆಳೆಗಳಿಗೆ; ಬೆಳೆದದ್ದು ಭತ್ತ. ಆ ಒಂದು ವ್ಯತ್ಯಾಸದ ಭಾರ ಪ್ರತಿ ವರ್ಷ ಕೊನೆಭಾಗದವರ ಮೇಲೆ ಬೀಳುತ್ತಿದೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್ ಗೇಟು ಕೊಚ್ಚಿಹೋದಾಗ ಇಡೀ ಅಚ್ಚುಕಟ್ಟು ಒಂದೇ ಆತಂಕದಲ್ಲಿ ಇತ್ತು. ಗೇಟು ನಿಂತಿತು, ನೀರು ಉಳಿಯಿತು, ಹಂಚಿಕೆಯ ಜಗಳವೂ ಉಳಿಯಿತು.

ಇಲ್ಲಿ ಯಾವುದು ಮಧ್ಯಸ್ಥಿಕೆಗೆ ಒಗ್ಗದು ಎಂದು ಮೊದಲು ಒಪ್ಪಿಕೊಳ್ಳಬೇಕು. ಎಷ್ಟು ದಿನ ನೀರು ಬಿಡಬೇಕು ಎಂಬುದನ್ನು ನೀರಾವರಿ ಸಲಹಾ ಸಮಿತಿ ತೀರ್ಮಾನಿಸುತ್ತದೆ. ಅಕ್ರಮ ತೂಬನ್ನು ಸಕ್ರಮ ಮಾಡುವ ರಾಜಿ ಕಾನೂನಿನಲ್ಲಿ ನಿಲ್ಲದು. 1965ರ ನೀರಾವರಿ ಕಾಯ್ದೆಗೆ 2024ರಲ್ಲಿ ತಂದ ತಿದ್ದುಪಡಿ ಅಕ್ರಮ ನೀರೆತ್ತುವಿಕೆಗೆ ಶಿಕ್ಷೆಯನ್ನು ಬಿಗಿಗೊಳಿಸಿದೆ. ಆದರೆ ಸಲಹಾ ಸಮಿತಿ ತೀರ್ಮಾನಿಸಿದ ನೀರು ಒಂದು ಉಪಕಾಲುವೆಯೊಳಗೆ ಯಾವ ಸರದಿಯಲ್ಲಿ, ಯಾವ ಗೇಜಿನಲ್ಲಿ ಹರಿಯಬೇಕು, ರಾತ್ರಿ ಯಾರು ಕಾಯಬೇಕು, ಅಳತೆ ಯಾರ ಎದುರು ಆಗಬೇಕು ಎಂಬುದೆಲ್ಲ ಮಾತಿನಲ್ಲಿ ತೀರುವಂಥದ್ದು.

ಒಂದು ಉಪಕಾಲುವೆಯನ್ನು ಕಲ್ಪಿಸಿಕೊಳ್ಳಿ. ಮೇಲಿನ ನಾಲ್ಕು ಊರು, ಕೆಳಗಿನ ಮೂರು ಊರು. ಕೆಳಗಿನವರ ಬೇಡಿಕೆ: ಮೇಲಿನ ತೂಬು ಮುಚ್ಚಿ. ಮೇಲಿನವರ ಉತ್ತರ: ನಮ್ಮ ಹೊಲ ಒಣಗಿಸಿ ನಿಮಗೆ ಕೊಡಬೇಕೇ? ಇಲಾಖೆಯ ಉತ್ತರ: ಗ್ಯಾಂಗ್‌ಮನ್‌ಗಳಿಲ್ಲ. ಮಧ್ಯಸ್ಥಗಾರರು ಮೂವರನ್ನೂ ಬೇರೆ ಬೇರೆಯಾಗಿ ಕೂರಿಸಿ ಕೇಳಿದರೆ ಇನ್ನೊಂದು ಚಿತ್ರ ಬರಬಹುದು. ಮೇಲಿನವರು ತೂಬು ಮುಚ್ಚಲು ಹೆದರುವುದು, ಮುಂದಿನ ಸರದಿಗೆ ನೀರು ಬರುವುದೆಂಬ ನಂಬಿಕೆ ಇಲ್ಲದ್ದಕ್ಕೆ. ಕೆಳಗಿನವರಿಗೆ ಬೇಕಾದದ್ದು ದಿನವೂ ನೀರಲ್ಲ. ಇಂಥ ವಾರ ಖಂಡಿತ ಬರುತ್ತದೆ ಎಂಬ ಮಾತು. ಇಲಾಖೆಗೆ ಬೇಕಾದದ್ದು ಗೇಟು ಇಳಿಸುವಾಗ ಸಿಬ್ಬಂದಿಯ ಮೇಲೆ ಯಾರೂ ಕೈಮಾಡುವುದಿಲ್ಲ ಎಂಬ ಭರವಸೆ. ಆಗ ವಾರಾಬಂದಿಯ (ನೀರಿನ ಸರದಿಯ) ಪಟ್ಟಿ, ನೀರು ಹಂಚಲು ಎರಡೂ ಕಡೆಯ ತಲಾ ಇಬ್ಬರು ಸೌಡಿಗಳು, ಬೆಳಿಗ್ಗೆ ಸಂಜೆ ಗೇಜಿನ ಫೋಟೊವನ್ನು ಎಲ್ಲ ಊರಿನವರೂ ಇರುವ ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಕರಾರು, ಇಷ್ಟರಲ್ಲಿ ಒಪ್ಪಂದ ಹುಟ್ಟಬಹುದು. 69ನೇ ಮೈಲಿಯಲ್ಲಿ, 104ನೇ ಮೈಲಿಯಲ್ಲಿ ಇಷ್ಟು ಅಡಿ ಗೇಜ್ ಕಾಯ್ದುಕೊಳ್ಳಿ ಎಂದು ರೈತರು ಕೇಳುತ್ತಲೇ ಬಂದಿರುವುದರಲ್ಲಿ ದೊಡ್ಡ ತಿಳಿವಳಿಕೆ ಇದೆ: ಅಳೆಯಲು ಬರುವ ಬೇಡಿಕೆಯನ್ನು ಮಾತ್ರ ಒಪ್ಪಂದದಲ್ಲಿ ಬರೆಯಬಹುದು.

ಇಂಥ ಪ್ರಯತ್ನಗಳು ಎಲ್ಲಿ ಕುಸಿಯುತ್ತವೆ ಎಂಬುದಕ್ಕೂ ಸಾಕ್ಷಿ ಇದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸ್ನೋಕ್ವಾಲ್ಮಿ ನದಿಗೆ ಅಣೆಕಟ್ಟು ಕಟ್ಟುವ ಜಗಳ ಹತ್ತಾರು ವರ್ಷ ನಡೆದಿತ್ತು. ನೆರೆಯಿಂದ ನೊಂದ ರೈತರಿಗೆ ಅಣೆಕಟ್ಟು ಬೇಕು, ಪರಿಸರದವರಿಗೆ ಬೇಡ. ಜೆರಾಲ್ಡ್ ಕಾರ್ಮಿಕ್ ಮತ್ತು ಜೇನ್ ಮೆಕಾರ್ಥಿ ಎಂಬ ಮಧ್ಯಸ್ಥಗಾರರು ಅವರನ್ನು ಕೂರಿಸಿ 1974ರಲ್ಲಿ ಒಪ್ಪಂದ ಮಾಡಿಸಿದರು. ಪರಿಸರ ವ್ಯಾಜ್ಯಗಳ ಮಧ್ಯಸ್ಥಿಕೆಗೆ ಅದನ್ನೇ ಮೊದಲ ದೊಡ್ಡ ಉದಾಹರಣೆ ಎನ್ನುತ್ತಾರೆ. ಆದರೆ ಒಪ್ಪಂದದಲ್ಲಿ ಸೂಚಿಸಿದ ಅಣೆಕಟ್ಟು ಕಟ್ಟಲೇ ಇಲ್ಲ. ನಮ್ಮಲ್ಲಿ 2003ರಲ್ಲಿ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಡೆವಲಪ್‌ಮೆಂಟ್ ಸ್ಟಡೀಸ್‌ನ ಎಸ್. ಜನಕರಾಜನ್ ಅವರ ಮುತುವರ್ಜಿಯಲ್ಲಿ ಕಾವೇರಿಯ ಎರಡೂ ರಾಜ್ಯಗಳ ರೈತರು ‘ಕಾವೇರಿ ಕುಟುಂಬ’ವಾಗಿ ಕೂತರು, ಒಬ್ಬರ ಹೊಲ ಇನ್ನೊಬ್ಬರು ನೋಡಿ ಬಂದರು. ಹಗೆ ಇಳಿಯಿತು, ನೀರು ಬಿಡುವ ಅಧಿಕಾರ ಆ ಕುಟುಂಬಕ್ಕೆ ಇರಲಿಲ್ಲ. ಎರಡು ಕಡೆಯೂ ಕೊರತೆಯಾದದ್ದು ಒಳ್ಳೆಯ ಮನಸ್ಸಲ್ಲ, ಅಧಿಕಾರ.

ಹಾಗಾಗಿ ಉಪಕಾಲುವೆಯ ಮಾತುಕತೆಗೆ ಮೊದಲ ದಿನದಿಂದಲೇ ಕಾರ್ಯಪಾಲಕ ಎಂಜಿನಿಯರ್ ಮಟ್ಟದವರು ಇರಲಿ, ಮುನಿರಾಬಾದಿನ ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಕಚೇರಿಗೆ ತಿಳಿದಿರಲಿ, ಕಾನೂನು ಸುವ್ಯವಸ್ಥೆಯ ಭಾಗಕ್ಕೆ ಲಿಂಗಸುಗೂರಿನ ಸಹಾಯಕ ಆಯುಕ್ತರು ಇರಲಿ. ಊರಿನ ಪರವಾಗಿ ಕೂರುವವರನ್ನು ನೀರು ಬಳಕೆದಾರರ ಸಂಘದ ಸಭೆಯಲ್ಲಿ ಠರಾವು ಮಾಡಿ ಕಳಿಸಿ. ಠರಾವಿಲ್ಲದೆ ಹೋದ ಮುಖಂಡ ಒಪ್ಪಿ ಬಂದದ್ದನ್ನು ಊರು ಮರುದಿನ ಒಪ್ಪುವುದಿಲ್ಲ. ಗೇಣಿಗೆ ಮಾಡುವವರನ್ನೂ ಕರೆಯಿರಿ. ಪಹಣಿಯಲ್ಲಿ ಹೆಸರಿಲ್ಲದಿದ್ದರೂ ರಾತ್ರಿ ತೂಬಿನ ಹತ್ತಿರ ಇರುವವರು ಅವರೇ.

ಕೂರುವ ದಿನ

ಕಾಗದಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ಒಂದು ಹಾಳೆಯಲ್ಲಿ ಸಾರಾಂಶ ಬರೆಯಿರಿ: ಏನಾಯಿತು, ಯಾವಾಗ, ಏನು ಬೇಕು. ಸ್ವೀಕೃತಿ ಮೊಹರು ಇಲ್ಲದ ಮನವಿಪತ್ರ ಕೊಟ್ಟಂತೆಯೇ ಅಲ್ಲ. ಇನ್ನು ಮುಂದಾದರೂ ಮೊಹರು ಹಾಕಿಸಿಕೊಳ್ಳಿ. ಪೂರ್ತಿ ಬೇಡಿಕೆ ಒಂದು, ಒಪ್ಪಬಹುದಾದ ಕನಿಷ್ಠ ಇನ್ನೊಂದು, ಎರಡನ್ನೂ ಮನೆಯಲ್ಲೇ ಲೆಕ್ಕ ಹಾಕಿ. ಕೇಸು ಹತ್ತು ವರ್ಷ ನಡೆದರೆ ವಕೀಲರ ಫೀಸು, ರಾಯಚೂರು, ಕಲಬುರಗಿಯ ಓಡಾಟ, ತಪ್ಪಿದ ಕೂಲಿ ಇವನ್ನೂ ಆ ಲೆಕ್ಕಕ್ಕೆ ಸೇರಿಸಿ.

ಮೊದಲ ಬೈಠಕ್ಕಿನಲ್ಲಿ ಇಲಾಖೆಯಿಂದ ಬಂದವರನ್ನು ಮಧ್ಯಸ್ಥಗಾರರ ಮೂಲಕ ಕೇಳಬೇಕಾದದ್ದು: ನಿಮ್ಮ ಬಳಿ ಅಧಿಕಾರ ಪತ್ರ ಇದೆಯೇ? ಇಲ್ಲದಿದ್ದರೆ ಜಗಳವಾಡದೆ, ಅಧಿಕಾರವಿರುವವರು ಬರಲಿ ಎಂದು ದಿನಾಂಕ ಮುಂದೂಡಿಸಿ. ಬಂದವರನ್ನು ಸಭೆಯಲ್ಲಿ ಹೀನಾಯವಾಗಿ ಮಾತಾಡಿಸಬೇಡಿ. ನಿಮ್ಮ ಪ್ರಸ್ತಾವನೆಯನ್ನು ಮೇಲಕ್ಕೆ ಕಳಿಸುವ ಟಿಪ್ಪಣಿ ಬರೆಯುವವರು ಅವರೇ, ಆ ಟಿಪ್ಪಣಿಯ ಧಾಟಿಯ ಮೇಲೆ ಬಹಳಷ್ಟು ನಿಂತಿದೆ.

ಒಪ್ಪಂದದ ಕಾಗದ

ವಾಣಿಜ್ಯ ವ್ಯಾಜ್ಯವಾದರೂ ಸರ್ಕಾರ ಪಕ್ಷಗಾರನಾಗಿರುವ ರಾಜಿಗೆ ಸಹಿಗೆ ಮುಂಚೆ ಸಕ್ಷಮ ಪ್ರಾಧಿಕಾರದ ಲಿಖಿತ ಒಪ್ಪಿಗೆ ಬೇಕು ಎಂದು 2023ರ ಕಾಯ್ದೆ ಹೇಳುತ್ತದೆ. ಉಳಿದ ವ್ಯಾಜ್ಯಗಳಲ್ಲೂ ಇದನ್ನೇ ಪಾಲಿಸುವುದು ಜಾಣತನ. ಆ ಒಪ್ಪಿಗೆಯ ಆದೇಶ ಸಂಖ್ಯೆ, ದಿನಾಂಕ ಒಪ್ಪಂದದಲ್ಲೇ ಬರಲಿ. ‘ಶೀಘ್ರವಾಗಿ’, ‘ಅನುದಾನ ಬಂದ ಮೇಲೆ’, ‘ಪರಿಶೀಲಿಸಿ ಕ್ರಮ ವಹಿಸಲಾಗುವುದು’ ಎಂಬ ಪದಗಳಿಗೆ ಸಹಿ ಹಾಕಬೇಡಿ. ಯಾವ ಹುದ್ದೆಯವರು, ಯಾವ ಲೆಕ್ಕ ಶೀರ್ಷಿಕೆಯಿಂದ, ಯಾವ ದಿನಾಂಕದೊಳಗೆ, ತಪ್ಪಿದರೆ ಎಷ್ಟು ಬಡ್ಡಿ ಎಂದು ಇರಲಿ. ಅಧಿಕಾರಿಯ ಹೆಸರಿನ ಬದಲು ಹುದ್ದೆ ಬರೆಸಿ, ವರ್ಗಾವಣೆ ಇದ್ದದ್ದೇ.

ಕೇಸು ನಡೆಯುತ್ತಿದ್ದರೆ ರಾಜಿ ಪತ್ರವನ್ನು ನ್ಯಾಯಾಲಯಕ್ಕೆ ಸಲ್ಲಿಸಿ ಡಿಕ್ರಿ ಮಾಡಿಸಿಕೊಳ್ಳಿ. ಕೇಸು ಇಲ್ಲದಿದ್ದರೆ ಲೋಕ ಅದಾಲತ್ತಿನ ಐತೀರ್ಪಾಗಿ ದಾಖಲಿಸಲು ಕಾನೂನು ಸೇವಾ ಸಮಿತಿಯನ್ನು ಕೇಳಿ. ಬರೀ ಛಾಪಾ ಕಾಗದದಲ್ಲಿ ಬರೆದಿಟ್ಟ ಒಪ್ಪಂದ ಮುರಿದರೆ ಮತ್ತೆ ದಾವೆಯಿಂದಲೇ ಶುರುಮಾಡಬೇಕು. ಡಿಕ್ರಿಯಾದರೆ ಅಥವಾ ಐತೀರ್ಪಾದರೆ ನೇರವಾಗಿ ಅಮಲ್ಜಾರಿ ಅರ್ಜಿ. ಪರಿಹಾರ ಕೊಡದ ಕಚೇರಿಯ ಜೀಪು, ಕುರ್ಚಿ, ಕಂಪ್ಯೂಟರುಗಳನ್ನು ಅಮೀನರು ಜಪ್ತಿ ಮಾಡಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ. ಅದು ಈ ಅರ್ಜಿಯ ಫಲ. ಹಣದ ಡಿಕ್ರಿಗೆ ಹನ್ನೆರಡು ವರ್ಷದೊಳಗೆ ಅಮಲ್ಜಾರಿ ಕೇಳಬಹುದು. ಇಂಥ ಕೆಲಸ ಮಾಡಿಕೊಡು ಎಂಬ ಕಡ್ಡಾಯ ನಿರ್ಬಂಧಕಾಜ್ಞೆಯ ಡಿಕ್ರಿಗೆ ಇರುವುದು ಮೂರೇ ವರ್ಷ. ಚರಂಡಿ, ತೂಬು, ರಸ್ತೆ ದುರಸ್ತಿಯ ರಾಜಿಗಳು ಹೆಚ್ಚಾಗಿ ಈ ಎರಡನೆಯ ಬಗೆಯವು. ಒಪ್ಪಂದದ ಗಡುವು ಮುಗಿದು ಒಂದು ತಿಂಗಳಾದರೂ ಕೆಲಸ ಶುರುವಾಗದಿದ್ದರೆ ಮತ್ತೊಂದು ಮನವಿಪತ್ರ ಬರೆಯುತ್ತ ಕೂರದೆ ವಕೀಲರ ಬಳಿ ಹೋಗಿ.